ತೂಗುವವನ ಪಾಡು

ಭಾಷಣ ಸ್ಪರ್ಧೆಯ ಮುಖ್ಯ ತೀರ್ಪುಗಾರನೆಂದರೆ ದೊಡ್ಡ ಪದವಿಯೆಂದು ವಾಚಕರು ತಿಳಿದಿದ್ದರೆ ಆಶ್ಚರ್ಯವಿಲ್ಲ. ಮುಂದಿನ ಸಾಲಿನಲ್ಲಿ ಕುರ್ಚಿ, ಕೊರಳಿಗೊಂದು ಹಾರ, ಬಿಸಿ ಕಾಫಿ! ನಮ್ಮಂಥ ಗುಮಾಸ್ತರಿಗೆ ಕಚೇರಿಯಲ್ಲಿ ಇಷ್ಟು ಮರ್ಯಾದೆ ಎಲ್ಲಿ ಬಂತು? ಆದರೆ ಗುಟ್ಟೊಂದನ್ನು ಹೇಳಿಬಿಡುತ್ತೇನೆ: ಆತನಿಗೆ ಒಂದು ಅಂಕ ಕೊಡುವ ಅಧಿಕಾರವೂ ಇಲ್ಲ.

1924ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರಾಲ್ಫ್ ಸ್ಮೆಡ್ಲಿಯವರು ಆರಂಭಿಸಿದ ಟೋಸ್ಟ್‌ಮಾಸ್ಟರ್ಸ್ ಕೂಟದವರ ಕ್ರಮ ಇದು. ಅಂಕ ಹಾಕುವವರು ಬೇರೆ, ಎಣಿಸುವವರು ಬೇರೆ, ಗಡಿಯಾರ ಹಿಡಿಯುವವರು ಬೇರೆ. ಇಬ್ಬರಿಗೆ ಸಮ ಸಮ ಬಂದರೆ ಬಿಡಿಸಲು ಇನ್ನೊಬ್ಬರು. ಅವರ ಹೆಸರನ್ನು ಗುಟ್ಟಾಗಿಡುತ್ತಾರೆ. ಮುಖ್ಯ ತೀರ್ಪುಗಾರನು ಇವರಿಗೆಲ್ಲ ನಿಯಮಗಳನ್ನು ತಿಳಿಸಬೇಕು, ಅವು ನಡೆಯುವಂತೆ ನೋಡಬೇಕು. ಭಾಷಣಕ್ಕೆ 5ರಿಂದ 7 ನಿಮಿಷ. ಹಿಂದೆ ಮುಂದೆ ಅರ್ಧ ನಿಮಿಷದ ರಿಯಾಯಿತಿ. ಅದನ್ನೂ ದಾಟಿದರೆ ಸ್ಪರ್ಧೆಯಿಂದ ಹೊರಗೆ. ನಮ್ಮ ದೆಹಲಿಯ ಮಕ್ಕಳ ಸ್ಪರ್ಧೆಗೂ ಇದೇ ಕ್ರಮವನ್ನು ತಂದುಕೊಂಡಿದ್ದೇವೆ.

ಈ ಸಲ ರಾಜ್ಯೋತ್ಸವದ ಸ್ಪರ್ಧೆ ಆರಂಭವಾಗುವ ಮೊದಲು ಮೈಸೂರು ಕಡೆಯ ಹಿರಿಯ ತೀರ್ಪುಗಾರರೊಬ್ಬರು ಕೇಳಿದರು: “ಭಾಷೆಗೆ 20 ಅಂಕವಷ್ಟೆ? ಪ್ರಾಂತದ ಮಾತು ಬಂದರೆ ಎಷ್ಟು ಕಳೆಯೋಣ?”

ಪ್ರಶ್ನೆ ಸಣ್ಣದಲ್ಲ. ಮುಂಬಯಿ, ಹೈದರಾಬಾದು, ಮದರಾಸು, ಮೈಸೂರು, ಕೊಡಗು ಎಂದು ಹಂಚಿಹೋಗಿದ್ದ ಕನ್ನಡ ಪ್ರದೇಶಗಳು 1956ರ ನವೆಂಬರ್ 1ರಂದು ಒಂದು ರಾಜ್ಯವಾದುವು. ಮಾತು ಮಾತ್ರ ಹಲವು ಬಗೆಯಾಗಿಯೇ ಉಳಿದಿದೆ. ‘ಹೇಳ್ತಾ ಇದೀನಿ’ ಎನ್ನುವುದು ಮೈಸೂರಿನ ಮನೆ, ‘ಹೇಳ್ತಾ ಇದ್ದೇನೆ’ ಎನ್ನುವುದು ಮಂಗಳೂರಿನ ಮನೆ, ‘ಹೇಳಲಿಕ್ಕತ್ತೀನಿ’ ಎನ್ನುವುದು ಧಾರವಾಡದ ಮನೆ. ಇಲ್ಲಿ ಹುಟ್ಟಿದ ಮಗು ಶಾಲೆಯಲ್ಲಿ ಹಿಂದಿ, ಇಂಗ್ಲಿಷು ಕಲಿಯುತ್ತದೆ. ಕನ್ನಡವನ್ನು ಅಜ್ಜಿಯ ಬಾಯಿಂದಷ್ಟೆ ಕಲಿಯುತ್ತದೆ. ಆ ಅಜ್ಜಿಯ ಕನ್ನಡವೇ ತಪ್ಪೆಂದು ಅಂಕ ಕಳೆದರೆ ಮಗು ಮುಂದಿನ ವರ್ಷ ವೇದಿಕೆ ಹತ್ತೀತೇ? ಮನೆಯಲ್ಲಾದರೂ ಬಾಯಿ ಬಿಟ್ಟೀತೇ?

“ರಾಯರೇ, ಹೇಳಿದ್ದು ಸ್ಪಷ್ಟವಾಗಿದೆಯೇ, ಮಾತು ವಿಷಯಕ್ಕೆ ಒಪ್ಪುತ್ತದೆಯೇ ಎಂದು ನೋಡೋಣ. ಯಾವ ಊರಿನ ಮಾತೆಂದು ನೋಡುವುದು ಬೇಡ,” ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಗಲಿ, ನಮ್ಮ ಸೊಸೆಯೂ ಹುಬ್ಬಳ್ಳಿಯವಳೇ,” ಎಂದು ನಕ್ಕರು.

ಗಡಿಯಾರದ ವಿಷಯದಲ್ಲಿ ಮಾತ್ರ ಸಡಿಲಿಕೆ ಸಲ್ಲದು. ಬಹಳ ಚೆನ್ನಾಗಿ ಮಾತಾಡಿದ ಹುಡುಗಿಯೊಬ್ಬಳು 7 ನಿಮಿಷ 40 ಸೆಕೆಂಡು ತೆಗೆದುಕೊಂಡಳು. “ಹತ್ತೇ ಸೆಕೆಂಡಲ್ಲವೇ ಸಾರ್?” ಎಂದರು ತಾಯಿ. ಹೌದು, ಹತ್ತೇ. ಆದರೆ ಒಳ್ಳೆಯ ಸಾಲೊಂದನ್ನು ಬಿಟ್ಟು ಹೊತ್ತಿಗೆ ಸರಿಯಾಗಿ ಮುಗಿಸಿದ ಮಕ್ಕಳೂ ಅಲ್ಲೇ ಕುಳಿತಿದ್ದರು. ಅವರಿಗೆ ಏನು ಹೇಳುವುದು? ಆ ತಾಯಿ ನನ್ನೊಡನೆ ಮತ್ತೆ ಮಾತಾಡಲಿಲ್ಲ. ಹಾರದ ಬೆಲೆ ಅದು.

ತಂದೆತಾಯಂದಿರಲ್ಲಿ ಎರಡೇ ವಿನಂತಿ. ಭಾಷಣವನ್ನು ನೀವು ಬರೆದುಕೊಡಬೇಡಿ. ಮಗು ಮನೆಯ ಮಾತಿನಲ್ಲಿ ತನಗೆ ತೋಚಿದ್ದನ್ನು ಹೇಳಲಿ. ಎರಡನೆಯದು, ಗಡಿಯಾರವನ್ನು ಮುಂದಿಟ್ಟುಕೊಂಡು ನಾಲ್ಕು ಸಲ ಕೇಳಿ. ಆರು ನಿಮಿಷಕ್ಕೆ ಮುಗಿಯುವಂತೆ ಸಿದ್ಧವಾದ ಮಗುವಿಗೆ ವೇದಿಕೆಯ ಮೇಲೆ ಒಮ್ಮೆ ತಡವರಿಸಲೂ, ಉಸಿರು ತೆಗೆದುಕೊಳ್ಳಲೂ ಸಮಯವಿರುತ್ತದೆ.