ಟಚ್‌ಪ್ಯಾಡ್ ನಿಂತರೆ ಲಿನಕ್ಸನ್ನೇ ಕಿತ್ತುಹಾಕಬೇಕೆ?

ಉಬುಂಟು ಇರುವ ಹಳೇ ಲ್ಯಾಪ್‌ಟಾಪಿನಲ್ಲಿ ಟಚ್‌ಪ್ಯಾಡ್ ನಿಂತರೆ ಪೇಟೆ ಅಂಗಡಿಯವರದು ಒಂದೇ ಮಾತು: ‘ಲಿನಕ್ಸ್ ತೆಗೆದು ವಿಂಡೋಸ್ ಹಾಕಿಸಿ.’ ಹಾಕುವುದು ಕದ್ದ ಕಾಪಿ, ಎಣಿಸಿಕೊಳ್ಳುವುದು ಅಸಲಿ ದುಡ್ಡು. ನಾವೂ ಒಮ್ಮೆ ಕೊಟ್ಟು ಬಂದೆವು. ಬರೆದಿಟ್ಟ ವರದಿಗಳೆಲ್ಲ ಫಾರ್ಮ್ಯಾಟ್‌ನಲ್ಲಿ ಹೋದವು.

ನೀವು ಕೊಡಬೇಡಿ. ಬಾಣ ಓಡಾಡಿ, ತಟ್ಟಿದಾಗ ಮಾತ್ರ ಕ್ಲಿಕ್ ಆಗದಿದ್ದರೆ ಅದು ರೋಗವೇ ಅಲ್ಲ; ಸೆಟ್ಟಿಂಗ್ಸ್‌ನಲ್ಲಿ ‘ಟ್ಯಾಪ್ ಟು ಕ್ಲಿಕ್’ ಆನ್ ಮಾಡಿ. ಬಾಣವೇ ಅಲುಗದಿದ್ದರೆ ಯುಎಸ್‌ಬಿ ಮೌಸ್ ಸಿಕ್ಕಿಸಿ, ಟರ್ಮಿನಲ್‌ನಲ್ಲಿ (ಇಂಗ್ಲಿಷ್ ಅಕ್ಷರದಲ್ಲೇ) ‘ಸುಡೊ ಮಾಡ್‌ಪ್ರೋಬ್ -ಆರ್ ಪಿಎಸ್‌ಮೌಸ್’, ಆಮೇಲೆ ‘ಸುಡೊ ಮಾಡ್‌ಪ್ರೋಬ್ ಪಿಎಸ್‌ಮೌಸ್’ ಕೊಡಿ. ಹಳೇ ಪಿಎಸ್/2 ಪ್ಯಾಡ್‌ಗಳ ಡ್ರೈವರ್ ಎಷ್ಟೋ ಸಲ ಇಷ್ಟಕ್ಕೇ ಎದ್ದು ಕೂರುತ್ತದೆ. ಹೊಸ ಐ2ಸಿ ಪ್ಯಾಡ್‌ಗೆ ಇದು ನಾಟದು, ಕರ್ನೆಲ್ ಅಪ್‌ಡೇಟ್ ಮಾಡಿ ನೋಡಬೇಕು.

ಪಕ್ಕದ ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ಲಿನಕ್ಸ್‌ನಲ್ಲೇ ಕಲಿಯುತ್ತಾರೆ. ನಮ್ಮ ರಿಪೇರಿ ಅಂಗಡಿಗಳಿಗೆ ಎರಡು ಸಾಲು ಟೈಪ್ ಮಾಡಲು ಏನು ಕಷ್ಟ?