ಹಸುವಿಗೆ 1962, ನಮಗೆ 14416

ಕಳೆದ ಮಳೆಗಾಲದಲ್ಲಿ ವರದಹಳ್ಳಿ ಕಡೆಯ ಒಂದು ಮನೆಗೆ ಕೆಚ್ಚಲು ಬಾವಾದ ಹಸುವನ್ನು ನೋಡಲು ಹೋಗಿದ್ದೆ. ಯಾವತ್ತಿನಿಂದ ಹಾಲು ಕಡಿಮೆಯಾಯಿತು, ಯಾವ ಮೊಲೆ ಗಟ್ಟಿಯಾಗಿದೆ, ಹಿಂಡಿಯನ್ನು ಎಷ್ಟು ಬಿಟ್ಟಿದೆ ಎಂದು ಆ ಮನೆಯ ಅಕ್ಕ ಒಂದನ್ನೂ ಬಿಡದೆ ಹೇಳಿದರು. ಇಂಜೆಕ್ಷನ್ ಕೊಟ್ಟು ಕೈ ತೊಳೆಯುವಾಗ, "ನೀವ್ಯಾಕೆ ಅಕ್ಕಾ ಇಷ್ಟು ಸೊರಗಿದ್ದೀರಿ?" ಎಂದು ಕೇಳಿದೆ. "ಏನಿಲ್ಲ ಡಾಕ್ಟ್ರೇ, ರಾತ್ರಿ ನಿದ್ದೆ ಇಲ್ಲ, ಊಟ ಸೇರಲ್ಲ. ಎರಡು ತಿಂಗಳಾಯ್ತು" ಎಂದರು. ಹಸು ಒಂದು ಹೊತ್ತು ಮೇವು ಬಿಟ್ಟರೆ ಫೋನ್ ಮಾಡುವವರು, ತಮ್ಮ ಎರಡು ತಿಂಗಳ ಸಂಕಟವನ್ನು ಯಾರಿಗೂ ಹೇಳಿರಲಿಲ್ಲ.

ಇಂಥ ಮಾತು ನನಗೆ ಹೊಸದಲ್ಲ. ಸಾಲದ ಕಂತು, ಗಂಡನ ಕುಡಿತ, ಹೆರಿಗೆಯ ನಂತರದ ಬೇಸರ, ದೂರದೂರಿಗೆ ಹೋದ ಮಕ್ಕಳ ಚಿಂತೆ ಎಲ್ಲವೂ ಕೊಟ್ಟಿಗೆಯಲ್ಲಿ ಮಾತಿಗೆ ಬರುತ್ತವೆ. ನಾನು ಓದಿದ್ದು ದನಕರುಗಳ ವೈದ್ಯ; ಮನಸ್ಸಿಗೆ ಮದ್ದು ಕೊಡಲು ನನಗೆ ಬಾರದು. ಆದರೆ ಅದು ಬಲ್ಲವರು ಎಲ್ಲಿ ಸಿಗುತ್ತಾರೆಂದು ಹೇಳಬಲ್ಲೆ. ಆ ಅಕ್ಕನಿಗೂ ಅದನ್ನೇ ಹೇಳಿದೆ.

2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ 'ಟೆಲಿ ಮಾನಸ್' ಎಂಬ ಉಚಿತ ಸಹಾಯವಾಣಿ ಆರಂಭಿಸಿತು. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆ ಮುಖ್ಯ ಮಾರ್ಗದರ್ಶಿ. ಸಂಖ್ಯೆ 14416. ದಿನದ 24 ಗಂಟೆಯೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ತರಬೇತಿ ಪಡೆದ ಆಪ್ತಸಮಾಲೋಚಕರು ಮೊದಲು ನಿಮ್ಮ ಮಾತು ಕೇಳುತ್ತಾರೆ. ಅಗತ್ಯ ಬಿದ್ದರೆ ಮನೋವೈದ್ಯರ ಜೊತೆ ಮಾತಾಡಿಸುತ್ತಾರೆ, ಹತ್ತಿರದ ಆಸ್ಪತ್ರೆಯ ದಾರಿ ತೋರಿಸುತ್ತಾರೆ. 2024ರಲ್ಲಿ ಇದರ ಆ್ಯಪ್ ಕೂಡ ಬಂದಿದೆ. ಆದರೆ ನಮ್ಮ ಗುಡ್ಡಗಳ ಸಂದಿಯಲ್ಲಿ ಇಂಟರ್‌ನೆಟ್ ಸಿಗುವುದೇ ಕಷ್ಟ. ಮಾತಾಡಲು ಬಟನ್ ಫೋನ್ ಸಾಕು.

"ಫೋನಲ್ಲಿ ಮಾತಾಡಿದ್ರೆ ಸಾಲ ತೀರತ್ತಾ?" ಎಂದು ಕೇಳಿದವರಿದ್ದಾರೆ. ತೀರುವುದಿಲ್ಲ. ಆದರೆ ನಿದ್ದೆಗೆಟ್ಟು ಕಂಗೆಟ್ಟ ತಲೆಗೆ, ಇವತ್ತು ಮಾಡಬಹುದಾದ ಕೆಲಸ ಯಾವುದು, ನಾಳೆಗೆ ಬಿಡಬಹುದಾದ ಚಿಂತೆ ಯಾವುದು ಎಂದು ಬೇರ್ಪಡಿಸಿ ನೋಡಲು ಇನ್ನೊಬ್ಬರ ನೆರವು ಬೇಕಾಗುತ್ತದೆ. ಕೆಚ್ಚಲು ಬಾವನ್ನು ಮೊದಲ ದಿನವೇ ಹಿಡಿದರೆ ಮೊಲೆ ಉಳಿಯುತ್ತದೆ, ತಡಮಾಡಿದರೆ ಬತ್ತಿಹೋಗುತ್ತದೆ ಎಂಬುದು ನಿಮಗೇ ಗೊತ್ತು. ಮನಸ್ಸಿನ ಬೇನೆಗೂ ತಡ ಒಳ್ಳೆಯದಲ್ಲ.

"ಊರಿಗೆಲ್ಲ ಗೊತ್ತಾಗತ್ತೆ" ಎಂಬುದು ಇನ್ನೊಂದು ಭಯ. ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ನೆಂಟರಿಷ್ಟರು ಕಾಣಬಹುದು. ಇಲ್ಲಿ ಹೆಸರು ಹೇಳದೆಯೂ ಮಾತಾಡಬಹುದು. ಅದಕ್ಕೇ ಈ ವ್ಯವಸ್ಥೆ ಪೇಟೆಯವರಿಗಿಂತ ನಮಗೆ ಹೆಚ್ಚು ಬೇಕು ಎನ್ನುತ್ತೇನೆ.

ಎಲ್ಲವೂ ಫೋನಿನಲ್ಲೇ ಮುಗಿಯುವುದಿಲ್ಲ, ನಿಜ. ಯಾರಾದರೂ ಸಾಯುವ ಮಾತಾಡುತ್ತಿದ್ದರೆ ಅವರನ್ನು ಒಂಟಿಯಾಗಿ ಬಿಡಬೇಡಿ, ತಕ್ಷಣ 108ಕ್ಕೆ ಕರೆ ಮಾಡಿ. ಇಲ್ಲದ್ದು ಕಾಣುತ್ತದೆ, ಕೇಳುತ್ತದೆ ಎನ್ನುವವರಿಗೆ ಔಷಧ ಬೇಕಾಗುತ್ತದೆ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನವರು ವರ್ಷಗಳ ಕಾಲ ಇಂಥ ರೋಗಿಗಳನ್ನು ಹಳ್ಳಿಹಳ್ಳಿಯಲ್ಲಿ ಗುರುತಿಸಿ, ಅಲ್ಲೇ ಚಿಕಿತ್ಸೆ ಕೊಡಿಸಿದರು. ಚಿಕಿತ್ಸೆ ಸಿಕ್ಕವರು ದಿನದ ಕೆಲಸಗಳನ್ನು ಮೊದಲಿಗಿಂತ ಚೆನ್ನಾಗಿ ಮಾಡುವಂತಾದರು. ಈಗ 'ಮನೋಚೈತನ್ಯ' ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡಿದೆ. ನಿಮ್ಮಲ್ಲಿ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲೇ ಕೇಳಿಕೊಳ್ಳಿ.

ಆದರೆ ನಾನು ಮುಖ್ಯವಾಗಿ ಹೇಳಬೇಕಿರುವುದು ಬೇರೆ. ಆ ಅಕ್ಕ ಆಮೇಲೆ ಸಿಕ್ಕಾಗ, ಎರಡು ಸಲ ಕರೆ ಮಾಡಿ ಅರ್ಧಕ್ಕೇ ಇಟ್ಟೆ ಎಂದರು. ಒಮ್ಮೆ ಅತ್ತೆ ಬಂದರಂತೆ, ಇನ್ನೊಮ್ಮೆ ಮಗ ಫೋನ್ ಕೇಳಿದನಂತೆ. ಮೂರನೇ ಸಲ ದರಕು ತರುವ ನೆಪದಲ್ಲಿ ಗುಡ್ಡ ಹತ್ತಿ, ಸಿಗ್ನಲ್ ಸಿಗುವ ಮರದ ಬುಡದಲ್ಲಿ ಕೂತು ಮಾತಾಡಿದರಂತೆ. ಮನಸ್ಸಿನ ಕಷ್ಟ ಹೇಳಿಕೊಳ್ಳಲು ಹೆಂಗಸೊಬ್ಬಳು ಮಳೆಯಲ್ಲಿ ಗುಡ್ಡ ಹತ್ತಬೇಕೇ? ಸಹಾಯವಾಣಿ ಇದ್ದರೆ ಸಾಲದು. ಅರ್ಧ ಗಂಟೆಯ ಬಿಡುವು, ಒಂದು ಫೋನು, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಜಾಗ, ಇಷ್ಟೂ ಬೇಕು.

ಇದು ನಮ್ಮ ಸಂಘಗಳ ಕೈಯಲ್ಲೇ ಇದೆ. ಬೆಳಗಿನ ಹಾಲು ಅಳೆದು ಮುಗಿದ ಮೇಲೆ ಸಂಜೆಯವರೆಗೆ ಸಂಘದ ಕೋಣೆ ಹೆಚ್ಚಾಗಿ ಖಾಲಿ ಇರುತ್ತದೆ. ಅದರ ಕೀಲಿ ಒಬ್ಬ ನಿರ್ದೇಶಕಿಯ ಬಳಿ ಇರಲಿ. ಬೇಕೆಂದವರಿಗೆ ಕಾರಣ ಕೇಳದೆ ಕೊಡಲಿ. ಗೋಡೆಯ ಮೇಲೆ ಫ್ಯಾಟ್ ದರದ ಪಟ್ಟಿಯ ಪಕ್ಕದಲ್ಲಿ ಪಶು ಆಂಬುಲೆನ್ಸಿನ 1962ರ ಜೊತೆ 14416 ಎಂದೂ ದೊಡ್ಡದಾಗಿ ಬರೆಸೋಣ. ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಿ. ಮನೆಯಲ್ಲಿರುವ ಗಂಡಸರು, ಅತ್ತೆಯಂದಿರೂ ಒಂದು ಉಪಕಾರ ಮಾಡಿ: ಅವಳು ಫೋನಿನಲ್ಲಿದ್ದಾಗ "ಯಾರದು?" ಎಂದು ಕೇಳಬೇಡಿ.

ಆ ಹಸುವಿನ ಒಂದು ಮೊಲೆ ಕೊನೆಗೂ ಸರಿಯಾಗಲಿಲ್ಲ. ಅಕ್ಕ ಮಾತ್ರ, "ಸಾಲ ಹಾಂಗೇ ಇದೆ ಡಾಕ್ಟ್ರೇ, ಆದ್ರೆ ರಾತ್ರಿ ನಾಲ್ಕು ತಾಸು ನಿದ್ದೆ ಬರ್ತಿದೆ" ಎಂದರು. ಮುಂದಿನ ವಾರ ಮತ್ತೆ ಕರೆ ಮಾಡುತ್ತಾರಂತೆ. ಆ ಹೊತ್ತಿಗೆ ಅವರೂರಿನ ಸಂಘದ ಕೋಣೆಯ ಕೀಲಿ ಅವರ ಕೈಗೆ ಸಿಗಬೇಕು ಎಂಬುದು ನನ್ನ ಆಸೆ.