ದಾನಿಗಳ ಶಾಲೆಯಲ್ಲ, ಹೆತ್ತವರ ಶಾಲೆ

ಗಡಿಯಾಚೆಯ ಊರುಗಳಲ್ಲಿ ಮಕ್ಕಳನ್ನು ಕನ್ನಡ ಮಾಧ್ಯಮದಲ್ಲಿ ಓದಿಸುತ್ತಿರುವ ಹೆತ್ತವರಲ್ಲಿ ಕೆಲವು ಮಾತುಗಳನ್ನು ಹೇಳಬೇಕಾಗಿದೆ. ವಿನಯದಿಂದ ಹೇಳುತ್ತೇನೆ, ಆದರೆ ಮೃದುವಾಗಿ ಹೇಳಲಾರೆ. ನಾನು ಕಾಸರಗೋಡಿನವನು, ಬರೆಯುತ್ತಿರುವುದು ಬಹುಮಟ್ಟಿಗೆ ಇಲ್ಲಿಯದನ್ನು ಕಂಡು. ಆದರೂ ಅಕ್ಕಲಕೋಟೆ, ಜತ್ತ, ತಾಳವಾಡಿ, ಹೊಸೂರು, ಮಡಕಶಿರಾಗಳ ಬಂಧುಗಳಿಗೆ ಇದರಲ್ಲಿ ತಮ್ಮೂರ ಶಾಲೆಯೇ ಕಂಡರೆ ನನಗೆ ಆಶ್ಚರ್ಯವಾಗದು.

ನಮ್ಮ ಶಾಲೆಗಳು ಸೊರಗುತ್ತಿರುವುದಕ್ಕೆ ನಮ್ಮಲ್ಲಿ ಸಿದ್ಧ ಉತ್ತರಗಳಿವೆ: ರಾಜ್ಯ ಸರಕಾರದ ಮಲತಾಯಿ ಧೋರಣೆ, ಆಂಗ್ಲ ಮಾಧ್ಯಮದ ಮೋಹ, ಕರ್ನಾಟಕದ ನಿರ್ಲಕ್ಷ್ಯ. ಮೂರೂ ನಿಜ. ಈ ಮೂರನ್ನೂ ಎದುರಿಸಲು ಕಾನೂನು ನಮ್ಮ ಕೈಗಿತ್ತ ಆಯುಧವೊಂದಿದೆ, ಅದು ಶಾಲೆಯ ಕಪಾಟಿನಲ್ಲಿ ತುಕ್ಕು ಹಿಡಿಯುತ್ತಿದೆ ಎಂಬುದೂ ಅಷ್ಟೇ ನಿಜ. ಆ ಆಯುಧದ ಹೆಸರು ಶಾಲಾ ಆಡಳಿತ ಸಮಿತಿ.

2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಕಲಮನ್ನು ಒಮ್ಮೆ ಓದಿ ನೋಡಿ. ಈ ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲು ಹೆತ್ತವರು ಅಥವಾ ಪಾಲಕರಿರಬೇಕು. ಅರ್ಧದಷ್ಟು ಮಂದಿ ಮಹಿಳೆಯರಿರಬೇಕು. ಶಾಲೆ ಹೇಗೆ ನಡೆಯುತ್ತಿದೆ ಎಂದು ಗಮನಿಸುವುದು, ಶಾಲಾಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವುದು, ಬಂದ ಅನುದಾನ ಎಲ್ಲಿ ವೆಚ್ಚವಾಯಿತೆಂದು ಪರಿಶೀಲಿಸುವುದು ಅದರ ಕೆಲಸ. ಅನುದಾನಿತ ಶಾಲೆಗಳಲ್ಲಿ 2012ರ ತಿದ್ದುಪಡಿಯು ಸಮಿತಿಯನ್ನು ಸಲಹೆಗಷ್ಟೇ ಸೀಮಿತಗೊಳಿಸಿತು. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಈ ಕಾಯ್ದೆಯೇ ಅನ್ವಯಿಸದೆಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅಂಥಲ್ಲಿ ರಕ್ಷಕ-ಶಿಕ್ಷಕ ಸಂಘವೇ ನಮಗೆ ಆಸರೆ. ಆದರೆ ಸರಕಾರಿ ಶಾಲೆಯಲ್ಲಿ ಓದುವ ಪ್ರತಿಯೊಂದು ಮಗುವಿನ ತಾಯಿತಂದೆಗೂ ಈ ಅಧಿಕಾರವಿದೆ. ಯಾರೂ ಕರುಣೆಯಿಂದ ಕೊಟ್ಟದ್ದಲ್ಲ, ಸಂಸತ್ತು ಕೊಟ್ಟದ್ದು.

ಈ ಅಧಿಕಾರವನ್ನು ಏನು ಮಾಡಿದ್ದೇವೆ? ಬಹಳ ಕಡೆ ಸಮಿತಿಯೆಂದರೆ ಕಡತದಲ್ಲಿರುವ ಒಂದು ಪಟ್ಟಿ. ಅಧ್ಯಕ್ಷಸ್ಥಾನ ಯಾವುದಾದರೂ ಪಕ್ಷದ ಕಾರ್ಯಕರ್ತರಿಗೆ. ಮಹಿಳಾ ಸದಸ್ಯರೆಂದರೆ ಸಹಿಗಷ್ಟೇ. ನಡಾವಳಿ ಪುಸ್ತಕವನ್ನು ಮನೆಮನೆಗೆ ಕಳುಹಿಸಿ ಸಹಿ ಹಾಕಿಸಿಕೊಂಡರೆ ಸಭೆ ನಡೆದಂತೆ. ವರ್ಷಕ್ಕೊಮ್ಮೆ ಮಹಾಸಭೆಗೆ ಹೋದಾಗ ಮಕ್ಕಳ ಬೆಂಚಿನಲ್ಲಿ ಮುದುಡಿ ಕುಳಿತು, ನಮ್ಮ ಮಗುವಿನ ಅಂಕವೆಷ್ಟೆಂದು ಕೇಳಿ, ಚಹಾ ಕುಡಿದು ಬರುತ್ತೇವೆ. ಶಾಲೆಯಲ್ಲಿ ಮಂಜೂರಾದ ಹುದ್ದೆಗಳೆಷ್ಟು, ತುಂಬಿದವೆಷ್ಟು, ಕನ್ನಡ ಪಠ್ಯಪುಸ್ತಕ ಯಾವ ತಿಂಗಳು ಕೈಸೇರಿತು ಎಂದು ಕೇಳುವವರು ವಿರಳ. ಕೇಳಿದವರನ್ನು ತಕರಾರಿನವರೆಂದು ಕರೆಯುವ ಅಭ್ಯಾಸವೂ ನಮ್ಮಲ್ಲಿದೆ.

ಸಮಿತಿ ಖಾಲಿ ಬಿಟ್ಟ ಸ್ಥಳವನ್ನು ಮೂರು ಸಂಗತಿಗಳು ತುಂಬಿವೆ: ಬಣ್ಣ, ಬ್ಯಾಗು ಮತ್ತು ಭಾಷಣ. ಬೆಂಗಳೂರು, ಮಂಗಳೂರುಗಳಿಂದ ಸಹೃದಯರು ಬಂದು ಗೋಡೆಗೆ ಬಣ್ಣ ಬಳಿಯುತ್ತಾರೆ. ಚೀಲ, ಕೊಡೆ, ನೋಟ್‌ಪುಸ್ತಕ ಹಂಚುತ್ತಾರೆ. ನವೆಂಬರ್ ತಿಂಗಳಲ್ಲಿ ಶಾಲು ಹೊದೆಸಿ ಕನ್ನಡದ ಉಳಿವಿನ ಬಗ್ಗೆ ಮಾತನಾಡುತ್ತಾರೆ. ಅವರಿಗೆ ನಮ್ಮ ಕೃತಜ್ಞತೆಯಿರಲಿ. ಸೋರುವ ಮಾಡಿಗೆ ಹೆಂಚು ಹೊದೆಸಿದವರನ್ನು ಹೀಗಳೆಯುವುದು ಮನುಷ್ಯತ್ವವಲ್ಲ. ಆದರೆ ಬಣ್ಣ ಬಳಿದವರು ಸಂಜೆಯ ಬಸ್ಸಿಗೆ ಹೊರಟುಹೋಗುತ್ತಾರೆ. ಮರುದಿನ ಗಣಿತದ ತರಗತಿಗೆ ಅಧ್ಯಾಪಕರಿಲ್ಲದಿದ್ದರೆ ಅದನ್ನು ಪ್ರಶ್ನಿಸುವ ಹಕ್ಕು ದಾನಿಗಳಿಗಿಲ್ಲ. ಆ ಹಕ್ಕಿರುವುದು ಬೀಡಿ ಕಟ್ಟುವ ತಾಯಿಗೆ, ಅಡಿಕೆ ಸುಲಿಯುವ ತಂದೆಗೆ.

ಇನ್ನೊಂದು ಮಾತು ಕೆಲವರಿಗೆ ಕಹಿಯಾಗಬಹುದು. ಹುದ್ದೆ ಖಾಲಿ ಬಿದ್ದಾಗ ಹೆತ್ತವರು ವಂತಿಗೆ ಎತ್ತಿ ಊರಿನ ಒಬ್ಬ ಪದವೀಧರೆಯನ್ನು ಗೌರವ ಶಿಕ್ಷಕಿಯನ್ನಾಗಿ ನಿಲ್ಲಿಸುವ ಪದ್ಧತಿಯಿದೆ. ಸ್ವಯಂಸೇವೆಯೆಂದು ನಾವದನ್ನು ಕೊಂಡಾಡುತ್ತೇವೆ. ಮಕ್ಕಳ ಪಾಠ ನಿಲ್ಲಬಾರದೆಂಬ ಕಳಕಳಿ ದೊಡ್ಡದು, ನಿಜ. ಆದರೆ ಒಂದೇ ಒಂದು ಮನವಿಯನ್ನೂ ಬರೆಯದೆ ನಾವು ಹಾಗೆ ತುಂಬಿಕೊಟ್ಟ ಹುದ್ದೆ ಇಲಾಖೆಯ ಕಣ್ಣಿಗೆ ಖಾಲಿಯಾಗಿ ಕಾಣುವುದೇ ಇಲ್ಲ. ಎರಡು ಸಾವಿರ, ಮೂರು ಸಾವಿರ ರೂಪಾಯಿಗೆ ದುಡಿಯುವ ಆ ಹೆಣ್ಣುಮಗಳ ಶ್ರಮ ಸರಕಾರದ ಕರ್ತವ್ಯಲೋಪಕ್ಕೆ ಹೊದಿಸಿದ ಪರದೆಯಾಗುತ್ತದೆ. ಅದೇ ಕಾಯ್ದೆಯ 26ನೆಯ ಕಲಂ, ಶಾಲೆಯೊಂದರಲ್ಲಿ ಖಾಲಿ ಹುದ್ದೆಗಳು ಮಂಜೂರಾದವುಗಳ ಶೇಕಡಾ 10ನ್ನು ಮೀರಬಾರದೆಂದು ವಿಧಿಸಿದೆ. ನಾಲ್ಕು ಹುದ್ದೆಗಳ ಶಾಲೆಯಲ್ಲಿ ಒಂದು ಖಾಲಿಯಾದರೆ ಅದು ಶೇಕಡಾ 25. ಸ್ವಯಂಸೇವಕಿಯನ್ನು ನಿಲ್ಲಿಸುವ ದಿನವೇ, ಅದೇ ಸಭೆಯಲ್ಲಿ, ಹುದ್ದೆ ಖಾಲಿಯಿದೆಯೆಂಬ ನಿರ್ಣಯವನ್ನೂ ಬರೆದು ಕಳುಹಿಸಬೇಕು. ನೆರವು ಹಕ್ಕಿನ ಜೊತೆಗೆ ನಡೆಯಲಿ. ಹಕ್ಕಿನ ಜಾಗದಲ್ಲಿ ಕೂರದಿರಲಿ.

ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ಹುದ್ದೆಗೆ ನೇಮಿಸುವ ಅನ್ಯಾಯಕ್ಕೂ ಇದೇ ಮಾತು ಅನ್ವಯ. ಕಾಸರಗೋಡಿನಲ್ಲಿ ಇದು ಹಳೆಯ ಗಾಯ. ಅಂಥ ನೇಮಕವಾದಾಗ ನಾವು ಶಾಲೆಯ ಗೇಟಿನ ಮುಂದೆ ಸೇರುತ್ತೇವೆ, ಘೋಷಣೆ ಕೂಗುತ್ತೇವೆ, ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಪ್ರತಿಭಟನೆ ಬೇಕು. ಆದರೆ ಅಧಿಕಾರಿಯೂ ನ್ಯಾಯಾಲಯವೂ ಕೇಳುವುದು ಕಾಗದವನ್ನು: ಯಾವ ದಿನಾಂಕದಿಂದ, ಯಾವ ತರಗತಿಗೆ, ಯಾವ ವಿಷಯಕ್ಕೆ, ಎಷ್ಟು ಮಕ್ಕಳಿಗೆ ಪಾಠ ಅರ್ಥವಾಗಲಿಲ್ಲ? ವಾರವಾರವೂ ಇದನ್ನು ದಾಖಲಿಸಿದ ನಡಾವಳಿ ಪುಸ್ತಕವಿದ್ದರೆ ಅದೇ ಸಾಕ್ಷಿ. ಸಂವಿಧಾನದ 350ಎ ವಿಧಿ, ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಬೋಧನೆಯ ಸೌಕರ್ಯ ಕಲ್ಪಿಸುವುದು ರಾಜ್ಯದ ಪ್ರಯತ್ನವಾಗಿರಬೇಕೆನ್ನುತ್ತದೆ. ಆ ರಕ್ಷಣೆಗಳ ಬಗ್ಗೆ ವಿಚಾರಿಸಲು 350ಬಿ ವಿಧಿಯನ್ವಯ ವಿಶೇಷ ಅಧಿಕಾರಿಯ ಹುದ್ದೆಯೂ ಇದೆ. ಎರಡೂ 1956ರ ಏಳನೆಯ ತಿದ್ದುಪಡಿಯಲ್ಲಿ ಬಂದವು, ಅಂದರೆ ರಾಜ್ಯಗಳ ಗಡಿ ಎಳೆದ ವರ್ಷವೇ. ಆದರೆ ವಿಧಿಗಳು ತಾವಾಗಿ ನಡೆದು ಶಾಲೆಗೆ ಬರುವುದಿಲ್ಲ. ಅವನ್ನು ಅರ್ಜಿಯಲ್ಲಿ ಬರೆದು ಕರೆತರಬೇಕು.

ಅರ್ಜಿಯನ್ನು ಯಾವ ಭಾಷೆಯಲ್ಲಿ ಬರೆಯಬೇಕೆಂಬ ಅಳುಕು ಬೇಡ. ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ಆಯಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದೆಂದು 350ನೆಯ ವಿಧಿಯೇ ಹೇಳುತ್ತದೆ. ಕೇರಳದ 1969ರ ರಾಜಭಾಷಾ ಕಾಯ್ದೆ, ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರಕಾರದೊಂದಿಗೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡಲು, ಅದೇ ಭಾಷೆಯಲ್ಲಿ ಉತ್ತರ ಪಡೆಯಲು ಅವಕಾಶವಿತ್ತಿದೆ. ಹಾಗಿದ್ದೂ ಕನ್ನಡ ಶಾಲೆಯ ಹೆತ್ತವರಿಗೆ ಮಲಯಾಳದ ಸುತ್ತೋಲೆಯನ್ನು ಓದಿ ಹೇಳಿ ಸಹಿ ಕೇಳುವುದು ನಡೆದೇ ಇದೆ. ಓದಲಾಗದ ಕಾಗದಕ್ಕೆ ಸಹಿ ಹಾಕದಿರುವುದು ಒರಟುತನವಲ್ಲ, ವಿವೇಕ.

ಇನ್ನು ಸಂಖ್ಯೆಯ ವಿಚಾರ. ಕಾಸರಗೋಡು ಎಲ್ಲಿ ಸೇರಬೇಕೆಂಬ ಬಗ್ಗೆ ನಾವು ತಲೆಮಾರುಗಳಿಂದ ಮಾತನಾಡುತ್ತಿದ್ದೇವೆ. ಚಂದ್ರಗಿರಿ ನದಿಯ ಉತ್ತರ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಶಿಫಾರಸು ಮಾಡಿತು. ಕಯ್ಯಾರ ಕಿಞ್ಞಣ್ಣ ರೈಗಳು ಆ ಕನಸಿಗಾಗಿ ಜೀವಮಾನವಿಡೀ ದುಡಿದರು. ಆ ಹೋರಾಟಕ್ಕೆ ತಲೆಬಾಗುತ್ತೇನೆ. ಆದರೆ ಗಡಿಯ ತೀರ್ಮಾನವಾಗುವುದು ದೆಹಲಿಯಲ್ಲಿ. ಶಾಲೆಯ ತೀರ್ಮಾನವಾಗುವುದು ನಮ್ಮೂರಿನಲ್ಲಿ, ಜೂನ್ ತಿಂಗಳಲ್ಲಿ. ಕೇರಳದಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳ ತಲೆಯೆಣಿಕೆಯಾಗುತ್ತದೆ. ಅಧ್ಯಾಪಕ ಹುದ್ದೆಗಳು ನಿಲ್ಲುವುದು ಆ ಲೆಕ್ಕದ ಮೇಲೆ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ 1ರಿಂದ 5ನೆಯ ತರಗತಿಯವರೆಗೆ 60 ಮಕ್ಕಳಿಗೆ ಇಬ್ಬರು ಶಿಕ್ಷಕರು, 61 ಆದರೆ ಮೂವರು. ರಾಜ್ಯ ರಾಜ್ಯಗಳಲ್ಲಿ ಲೆಕ್ಕದ ಕ್ರಮ ಬೇರೆಯಿರಬಹುದು. ಒಂದೇ ಒಂದು ಮಗು ಒಬ್ಬ ಅಧ್ಯಾಪಕರನ್ನು ಉಳಿಸಬಲ್ಲುದೆಂಬುದು ಎಲ್ಲ ಕಡೆಯೂ ಸತ್ಯ.

ಆ ಒಂದು ಮಗುವನ್ನು ಹುಡುಕುವ ಕೆಲಸ ಜೂನ್‌ನ ಪ್ರವೇಶೋತ್ಸವದ ದಿನ ತೋರಣ ಕಟ್ಟಿದರೆ ಆಗುವುದಿಲ್ಲ. ಎಪ್ರಿಲ್ ತಿಂಗಳಲ್ಲಿ ಅಂಗನವಾಡಿಯ ಪಟ್ಟಿ ಹಿಡಿದು ಮನೆಮನೆಗೆ ಹೋಗಬೇಕು. ಅಧ್ಯಾಪಕರು ಹೋದರೆ ಅದು ಅವರ ನೌಕರಿಯ ಚಿಂತೆಯಾಗಿ ಕಾಣುತ್ತದೆ; ಅದೇ ಶಾಲೆಯಲ್ಲಿ ಮಗುವನ್ನು ಓದಿಸುತ್ತಿರುವ ತಾಯಿ ಹೋದರೆ ಅದು ಸಾಕ್ಷಿಯ ಮಾತಾಗುತ್ತದೆ. ಮಕ್ಕಳು ಕೈತಪ್ಪುವುದು ಎಷ್ಟೋ ಸಲ ಭಾಷೆಯ ಕಾರಣಕ್ಕಲ್ಲ, ಮನೆಯಂಗಳಕ್ಕೇ ಬರುವ ಆಂಗ್ಲ ಮಾಧ್ಯಮದ ವ್ಯಾನಿನ ಕಾರಣಕ್ಕೆ. ಐದಾರು ಮನೆಯವರು ಸೇರಿ ಒಂದು ರಿಕ್ಷಾ ಗೊತ್ತುಮಾಡಿ, ಹಳೆ ವಿದ್ಯಾರ್ಥಿ ಸಂಘ ಅದರ ಬಾಡಿಗೆಯಲ್ಲಿ ಪಾಲು ಹೊತ್ತರೆ, ಹತ್ತು ಭಾಷಣಗಳು ಮಾಡಲಾರದ ಕೆಲಸವಾಗುತ್ತದೆ.

ಅರ್ಜಿಯ ಕಾಲಂಗಳ ಬಗ್ಗೆಯೂ ಎಚ್ಚರ ಬೇಕು. ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ತುಳು, ಕೊಂಕಣಿ, ಬ್ಯಾರಿ, ಮರಾಠಿ ಮನೆಮಾತಿನ ಮಕ್ಕಳು ಬಹಳ. ಮನೆಮಾತು ಯಾವುದೆಂದು ಹೇಳುವುದರಿಂದ ಕಲಿಕೆಯ ಮಾಧ್ಯಮದ ಹಕ್ಕು ಕಡಿಮೆಯಾಗುವುದಿಲ್ಲ. ಮಗುವಿನ ಮಾತೃಭಾಷೆ ಯಾವುದೆಂದು ಹೇಳಬೇಕಾದವರು ಹೆತ್ತವರೇ, ಮಾಧ್ಯಮದ ಆಯ್ಕೆಯೂ ಮಗುವಿನ ಪರವಾಗಿ ಅವರದ್ದೇ ಎಂಬುದು 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಕೊಟ್ಟ ತೀರ್ಪಿನ ಸಾರ. ಕರ್ನಾಟಕದ ಭಾಷಾನೀತಿಗೆ ಬಿದ್ದ ಪೆಟ್ಟೆಂದು ಆ ತೀರ್ಪನ್ನು ನಾವು ದೂರಿದ್ದೆವು. ಗಡಿಯ ಈಚೆಗೆ ಅದು ನಮ್ಮ ಕೈಯ ಬಲ. ಕಲಿಕೆಯ ಮಾಧ್ಯಮ ಎಂಬ ಕಾಲಂನಲ್ಲಿ ಏನು ಬರೆಯಲಾಗಿದೆಯೆಂದು ನಿಮ್ಮ ಕಣ್ಣಿನಿಂದಲೇ ನೋಡಿ.

ಎರಡು ಆಕ್ಷೇಪಗಳಿಗೆ ಉತ್ತರ ಹೇಳದಿದ್ದರೆ ಈ ಮಾತು ಪೂರ್ತಿಯಾಗದು. ಮೊದಲನೆಯದು, ಕೂಲಿ ಬಿಟ್ಟು ಸಭೆಗೆ ಬರಲು ಯಾರಿಗೆ ಸಾಧ್ಯ ಎಂಬುದು. ನ್ಯಾಯವಾದ ಪ್ರಶ್ನೆ. ಕೆಲಸದ ದಿನ ಹನ್ನೊಂದು ಗಂಟೆಗೆ ಸಭೆ ಕರೆಯುವವರು ಬಡ ಹೆತ್ತವರನ್ನು ಹೊರಗಿಟ್ಟೇ ಕರೆಯುತ್ತಾರೆ. ಸಮಯ ಬದಲಿಸಿ, ಆದಿತ್ಯವಾರ ಬೆಳಗ್ಗೆ ಸೇರಿ, ಇಲ್ಲವೇ ಸಂಜೆ ಐದರ ಮೇಲೆ. ತಿಂಗಳಿಗೆ ಒಂದು ಗಂಟೆ ಸಾಕು. 2010ರ ಕೇಂದ್ರ ನಿಯಮಗಳು ಕೇಳುವುದೂ ಅಷ್ಟನ್ನೇ: ತಿಂಗಳಿಗೊಂದು ಸಭೆ, ಅದರ ನಡಾವಳಿ, ಆ ನಡಾವಳಿ ಸಾರ್ವಜನಿಕರ ಕೈಗೆ ಸಿಗುವಂತಿರುವುದು.

ಎರಡನೆಯದು, ಕನ್ನಡದಲ್ಲಿ ಓದಿದ ಮಗು ರಾಜ್ಯಭಾಷೆ ಬಾರದೆ ಹಿಂದೆ ಬೀಳುವುದೆಂಬ ಭಯ. ತಮಿಳುನಾಡು 2006ರಲ್ಲಿ, ಕೇರಳ 2017ರಲ್ಲಿ, ಮಹಾರಾಷ್ಟ್ರ 2020ರಲ್ಲಿ ತಂತಮ್ಮ ಭಾಷೆಯ ಕಲಿಕೆಯನ್ನು ಶಾಲೆಗಳಲ್ಲಿ ಕಡ್ಡಾಯಗೊಳಿಸುವ ಕಾಯ್ದೆ ಮಾಡಿದ ಮೇಲೆ ಈ ಭಯ ಹೆಚ್ಚಿದೆ. ಕನ್ನಡದ ತಲೆಯ ಮೇಲೆ ಇನ್ನೊಂದು ಭಾಷೆಯನ್ನು ಕೂರಿಸುವುದನ್ನು ವಿರೋಧಿಸೋಣ. ಆದರೆ ನೆರೆಯವರ ಭಾಷೆಯನ್ನು ಕಲಿಯುವುದನ್ನು ವಿರೋಧಿಸಬೇಕಾಗಿಲ್ಲ. ಸ್ವಯಂಸೇವಕರಿಗೆ ನಿಜವಾದ ಕೆಲಸವಿರುವುದು ಇಲ್ಲಿಯೇ. ಎರಡು ಭಾಷೆ ಬಲ್ಲ ನಿವೃತ್ತ ಅಧ್ಯಾಪಕರು, ಕಾಲೇಜು ವಿದ್ಯಾರ್ಥಿಗಳು ಶನಿವಾರ ಬಂದು ಮಲಯಾಳವನ್ನೋ ಮರಾಠಿಯನ್ನೋ ತಮಿಳನ್ನೋ ಕನ್ನಡದ ಮೂಲಕ ಕಲಿಸಲಿ. ವಾಚನಾಲಯ ತೆರೆದು ಕಥೆ ಓದಿಸಲಿ. ಇದು ಯಾರ ಹುದ್ದೆಯನ್ನೂ ಮರೆಮಾಚದ ಸೇವೆ.

ಕೊನೆಗೆ ವೇದಿಕೆಯ ಮೇಲಿರುವವರಿಗೆ ಒಂದು ಮಾತು. ಮಕ್ಕಳನ್ನು ಬೇರೆ ಮಾಧ್ಯಮಕ್ಕೆ ಕಳುಹಿಸಿದವರು ಕನ್ನಡದ ಬಗ್ಗೆ ಮಾತನಾಡಲೇಬಾರದೆಂದು ನಾನು ಹೇಳುವುದಿಲ್ಲ. ಆದರೆ ಕನ್ನಡ ಶಾಲೆಗೆ ಮಗುವನ್ನು ಕಳುಹಿಸದ ಬಡವರನ್ನು ಅವರು ಗದರಿಸಬಾರದು. ಹೆತ್ತವರಿಗಾಗಿ ಇರುವ ಕುರ್ಚಿಯಲ್ಲಿ ಕೂರಲೂಬಾರದು. ಅವರಿಗೆ ಹಳೆ ವಿದ್ಯಾರ್ಥಿ ಸಂಘದಲ್ಲಿ ಬೇಕಾದಷ್ಟು ಜಾಗವಿದೆ, ಬೇಕಾದಷ್ಟು ಕೆಲಸವೂ ಇದೆ.

ಈ ಬರಹ ಒಪ್ಪಿಗೆಯಾದರೆ ಹಂಚಿಕೊಳ್ಳಿ. ಆದರೆ ಅದಕ್ಕಿಂತ ಮೊದಲು ನಿಮ್ಮ ಶಾಲೆಯ ಮುಖ್ಯೋಪಾಧ್ಯಾಯರಲ್ಲಿ ನಾಲ್ಕು ಪ್ರಶ್ನೆಗಳನ್ನು ಕೇಳಿ. ಸಮಿತಿಯ ಮುಂದಿನ ಸಭೆ ಯಾವ ದಿನ? ಕಳೆದ ಸಭೆಯ ನಡಾವಳಿಯನ್ನು ಕನ್ನಡದಲ್ಲಿ ಓದಲು ಸಿಗುವುದೇ? ಈಗ ಖಾಲಿಯಿರುವ ಹುದ್ದೆಗಳು ಯಾವುವು, ಅವುಗಳ ಬಗ್ಗೆ ಬರೆದ ಪತ್ರದ ಪ್ರತಿ ಎಲ್ಲಿ? ಬರುವ ವರ್ಷ ಒಂದನೆಯ ತರಗತಿಗೆ ಬರಬೇಕಾದ ಮಕ್ಕಳು ಯಾವ ಯಾವ ಮನೆಯಲ್ಲಿದ್ದಾರೆ? ನಾಲ್ಕಕ್ಕೂ ಉತ್ತರ ಸಿಕ್ಕಿದರೆ ನಿಮ್ಮ ಶಾಲೆ ಭದ್ರವಾಗಿದೆ. ಸಿಗದಿದ್ದರೆ ಮುಂದಿನ ಸಭೆಯನ್ನು ಕರೆಯಬೇಕೆಂದು ಕೇಳುವ ಪತ್ರಕ್ಕೆ ಮೊದಲ ಸಹಿ ನಿಮ್ಮದಾಗಲಿ.